ನೋವಿನ ದಿನಗಳಲ್ಲಿ ದೇವರೊಡನೆ ಮಾತು: ಅಪ್ಪನ ಚಿಕಿತ್ಸೆ ಮುಗಿದ ಮೇಲೆ ಬರೆದದ್ದು

ಅಪ್ಪನ ಬಾಯಿ ಕ್ಯಾನ್ಸರಿನ ವಿಕಿರಣ ಚಿಕಿತ್ಸೆ ಹೋದ ತಿಂಗಳು ಮುಗಿಯಿತು. ಗದಗಿನಿಂದ ಹುಬ್ಬಳ್ಳಿಗೆ ಅಲೆದಾಡಿದ ಈ ಕಾಲದಲ್ಲಿ ಯಾವ ಕಾಗದ ಬೇಕು, ಯಾವ ಕಿಟಕಿಯ ಮುಂದೆ ನಿಲ್ಲಬೇಕು ಎಂದು ಹೇಳುವ ಪುಣ್ಯಾತ್ಮರು ಅಲ್ಲಲ್ಲಿ ಸಿಕ್ಕರು. ಆದರೆ ಇಂಥ ಹೊತ್ತಿನಲ್ಲಿ ಬಾಯಿಂದ ಹೊರಡುವ ಮಾತನ್ನು, ಅದರಲ್ಲೂ ದೇವರ ಹೆಸರೆತ್ತಿ ಆಡುವ ಮಾತನ್ನು, ಹೇಗೆ ಕಾಯ್ದುಕೊಳ್ಳುವುದೆಂದು ಯಾರೂ ಹೇಳಿರಲಿಲ್ಲ. ನಮ್ಮದು ನಿತ್ಯ ಲಿಂಗಪೂಜೆಯ ಮನೆ. ಅಂಥ ಮನೆಯಲ್ಲೂ ರೋಗ ಹೊಸ್ತಿಲು ದಾಟಿದ ಕೂಡಲೇ ಮೊದಲು ಹದ ತಪ್ಪಿದ್ದು ಮಾತು. ಮುಂದೆ ಈ ದಾರಿ ಹಿಡಿಯುವವರಿಗೆ ಎರಡೂ ಬೇಕಾಗುತ್ತವೆ ಎಂದು ಕಾಗದದ ಸಂಗತಿಯನ್ನೂ ಮಾತಿನ ಸಂಗತಿಯನ್ನೂ ಕೂಡಿಸಿಯೇ ಬರೆಯುತ್ತಿದ್ದೇನೆ.

ಅಪ್ಪ ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸಿ ಸಂಸಾರ ಸಾಕಿದವರು. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರು ಬಂದದ್ದು ಅಂಥ ಕೈಗಳಿಂದಲೇ. ಆಫ್‌ಸೆಟ್ ಬಂದ ಮೇಲೆ ಬೈಂಡಿಂಗ್ ಕೆಲಸಕ್ಕೆ ಹೊರಳಿದರು. ಕೆಲಸದ ನಡುವೆ ತಂಬಾಕಿಗೆ ಸುಣ್ಣ ತಿಕ್ಕಿ ಎಡ ದವಡೆಗೆ ಇಟ್ಟುಕೊಳ್ಳುವ ಚಟ ಅಂದಿನದು. ಅದೇ ಜಾಗದಲ್ಲಿ ಹುಣ್ಣಾಯಿತು. ರೊಟ್ಟಿಗೆ ರಂಜಕ ಹಚ್ಚಿಕೊಂಡರೆ ಕಣ್ಣಲ್ಲಿ ನೀರು ಬರುತ್ತಿತ್ತು. ಶಾಖದ ಹುಣ್ಣು ಎಂದು ಮಜ್ಜಿಗೆ ಕುಡಿದರು, ತುಪ್ಪ ಸವರಿದರು. ಎರಡು ಮೂರು ವಾರದಲ್ಲಿ ಮಾಯದ ಬಾಯಿ ಹುಣ್ಣನ್ನು, ನೋವು ಇರಲಿ ಬಿಡಲಿ, ವೈದ್ಯರಿಗೆ ತೋರಿಸಲೇಬೇಕು. ಇದನ್ನು ಓದುವ ಎಲ್ಲರಿಗೂ ಕೈಮುಗಿದು ಹೇಳುವ ಮಾತು ಇದು.

ಹುಣ್ಣಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ವರದಿ ಬರುವವರೆಗಿನ ದಿನಗಳಲ್ಲಿ ಅಪ್ಪ ಎಂದಿನಂತೆ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂರುತ್ತಿದ್ದರು. ಏಳುವುದು ಮಾತ್ರ ತಡವಾಗುತ್ತಿತ್ತು. ವರದಿಯಲ್ಲಿ 'ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ' ಎಂದಿತ್ತು. ಕ್ಯಾನ್ಸರ್ ಎಂಬ ಮಾತು ಮನೆಯೊಳಗೆ ಬಂದ ಸಂಜೆಯೇ ದೇವರ ಕುರಿತ ಮಾತುಗಳೂ ಬಂದವು. ಅವ್ವ, "ದಿನವೂ ಪೂಜೆ ಮಾಡಿದವರಿಗೆ ಹೀಗೆ ಮಾಡುತ್ತಾನೆಂದರೆ ಆ ಶಿವನಿಗೆ ಕಣ್ಣಿದೆಯೇ?" ಎಂದಳು. ಕಾಕಾ, "ತಂಬಾಕು ಬಿಡು ಎಂದು ಬಡಿದುಕೊಂಡೆ. ಈಗ ದೇವರೇ ಬುದ್ಧಿ ಕಲಿಸಿದ" ಎಂದರು. ಸೋದರತ್ತೆ ಹಿಂದಿನ ಜನ್ಮದ ಲೆಕ್ಕ ತೆಗೆದರು. ನೆರೆಮನೆಯವರು ಬಂದು, ದೇವರು ತನಗೆ ಬೇಕಾದವರನ್ನೇ ಪರೀಕ್ಷೆಗೆ ಒಡ್ಡುತ್ತಾನೆ ಎಂದು ಸಮಾಧಾನ ಹೇಳಿದರು. ಅಪ್ಪ ಗೋಡೆಗೆ ಒರಗಿ ಎಲ್ಲವನ್ನೂ ಕೇಳಿಸಿಕೊಂಡರು. ನನ್ನೊಳಗೆ ಸಿಟ್ಟು ಕುದಿಯುತ್ತಿತ್ತು. ಅದು ದೇವರ ಮೇಲಿನದೋ ಈ ಮಾತುಗಳ ಮೇಲಿನದೋ ಆ ದಿನ ತಿಳಿಯಲಿಲ್ಲ.

ಮರುವಾರದಿಂದ ಕಾಗದಗಳ ಓಟ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ₹1.5 ಲಕ್ಷದ ಮಿತಿಯೊಳಗೆ. ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬರೆಸಿಕೊಳ್ಳಬೇಕು. ಅದಿಲ್ಲದೆ ನೇರವಾಗಿ ಹುಬ್ಬಳ್ಳಿಗೆ ಹೋಗಿ ಅಂದೇ ಹಿಂತಿರುಗಿ ಬಂದವರನ್ನು ನಾನು ಕಂಡಿದ್ದೇನೆ. ನಮಗೆ ತೊಡಕಾದದ್ದು ಬೇರೆ ಕಡೆ. ಪಡಿತರ ಚೀಟಿಯಲ್ಲಿ ಅಪ್ಪನನ್ನು ಕರೆಯುವ ಹೆಸರಿತ್ತು, ಆಧಾರ್‌ನಲ್ಲಿ ಶಾಲೆಯ ದಾಖಲೆಯ ಹೆಸರಿತ್ತು. ಬೆರಳಚ್ಚು ಕೊಡಿಸೋಣವೆಂದರೆ ಸೀಸದ ಮೊಳೆಗಳನ್ನು ಹಿಡಿದು ಸವೆದ ಬೆರಳುಗಳನ್ನು ಯಂತ್ರ ಒಪ್ಪಲಿಲ್ಲ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಿಸಿದ್ದರೆ ಒಟಿಪಿಯಿಂದ ಕೆಲಸವಾಗುತ್ತದೆ. ಮನೆಯ ಹಿರಿಯರದ್ದು ಜೋಡಣೆಯಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ. ಇನ್ನೊಂದು: ದೊಡ್ಡ ಆಸ್ಪತ್ರೆಯವರು ಬಯಾಪ್ಸಿಯ ವರದಿಯೊಂದನ್ನೇ ನಂಬುವುದಿಲ್ಲ. ಗಾಜಿನ ಸ್ಲೈಡ್‌ಗಳನ್ನೂ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ತರಲು ಹೇಳುತ್ತಾರೆ. ವರದಿ ತೆಗೆದುಕೊಳ್ಳುವಾಗಲೇ ಅವನ್ನೂ ಕೇಳಿ ಪಡೆದರೆ ಒಂದು ಓಡಾಟ ಉಳಿಯುತ್ತದೆ.

ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಮೇಜು ಇರುತ್ತದೆ. ಯೋಜನೆಯ ಅನುಮತಿ ಅಲ್ಲಿಂದಲೇ ಹೋಗಿ ಅಲ್ಲಿಗೇ ಬರಬೇಕು. ಆ ಅನುಮತಿಗಾಗಿ ಕಾಯುವ ದಿನಗಳು ಬಲು ಕೆಟ್ಟವು. ಸಾಲಿನಲ್ಲಿ ನಿಂತವರೆಲ್ಲ ಒಬ್ಬರಿಗೊಬ್ಬರು ದೇವರ ದೂರು ಹೇಳುತ್ತಿರುತ್ತಾರೆ. "ಬಡವರ ಪಾಲಿಗೆ ದೇವರು ಸತ್ತಿದ್ದಾನೆ" ಎಂದು ಒಬ್ಬರು ಅಂದರೆ ಉಳಿದವರು ತಲೆಯಾಡಿಸುತ್ತಾರೆ. ಅದನ್ನು ಕೇಳುತ್ತ ಕೇಳುತ್ತ ಮೈಯಲ್ಲಿದ್ದ ಕಸುವೂ ಇಳಿದುಹೋಗುತ್ತಿತ್ತು. ನಾನು ಫೈಲನ್ನು ಎದೆಗವಚಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕೂರುತ್ತಿದ್ದೆ. ಹೆಸರು ಕೂಗಿದಾಗ ಕೇಳಿಸುವಷ್ಟು ದೂರ ನೋಡಿಕೊಂಡರೆ ಸಾಕು.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಯಾರೂ ಎಣಿಸದ ತೊಡಕು ಬಂತು. ಕೆನ್ನೆಯ ಗಡ್ಡೆಯ ಜೊತೆ ಕುತ್ತಿಗೆಯ ಗಂಟುಗಳನ್ನೂ ತೆಗೆಯುವುದಿತ್ತು. ಮೈಮೇಲೆ ಏನೂ ಇರಕೂಡದು, ಕೊರಳ ಲಿಂಗವನ್ನೂ ತೆಗೆಯಬೇಕು ಎಂದು ಸಿಸ್ಟರ್ ಹೇಳಿದರು. ದೀಕ್ಷೆಯಾದಂದಿನಿಂದ ಅಪ್ಪ ಲಿಂಗವನ್ನು ಮೈಯಿಂದ ಅಗಲಿಸಿದವರಲ್ಲ. ಅವರು ಆಪರೇಷನ್ನಿಗೆ ಹೆದರಿರಲಿಲ್ಲ, ಈ ಮಾತಿಗೆ ಅವರ ಕೈ ನಡುಗಿತು. ನಮ್ಮ ಮನೆಗೆ ಬರುವ ಅಯ್ಯನವರಿಗೆ ಫೋನ್ ಮಾಡಿದೆ. "ವೈದ್ಯರು ಹೇಳಿದಂತೆ ಕೇಳಲಿ. ಲಿಂಗ ಅವರ ಮನೆಯವರ ಕೊರಳಲ್ಲಿರಲಿ, ಮನಸ್ಸಿನಲ್ಲಿ ಅವರ ಹತ್ತಿರವೇ ಇರುತ್ತದೆ" ಎಂದರು. ಬೆಳಿಗ್ಗೆ ಪೂಜೆ ಮುಗಿಸಿ ಅಪ್ಪ ತಾವೇ ಶಿವದಾರ ಬಿಚ್ಚಿ, ಲಿಂಗವಿದ್ದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ತನ್ನ ಲಿಂಗದ ಜೊತೆಗೇ ಕಟ್ಟಿಕೊಂಡಳು. ತೀವ್ರ ನಿಗಾ ಘಟಕದಿಂದ ವಾರ್ಡಿಗೆ ಬಂದ ಮೇಲೆ ಕೊರಳಲ್ಲಿ ಹೊಲಿಗೆ ಇದ್ದುದರಿಂದ, ಸಿಸ್ಟರನ್ನು ಕೇಳಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಬಲ ರಟ್ಟೆಗೆ ಕಟ್ಟಿದೆವು. ಜನಿವಾರ, ತಾಯಿತ, ಶಿಲುಬೆಯ ಸರ ಇರುವವರೂ ಈ ಮಾತನ್ನು ಹಿಂದಿನ ದಿನವೇ ಆಸ್ಪತ್ರೆಯವರ ಜೊತೆ ಮಾತಾಡಿಕೊಳ್ಳಿ. ಗಾಲಿ ಮಂಚದ ಮೇಲೆ ಮಲಗಿಸಿದ ಮೇಲೆ ಅವಸರದಲ್ಲಿ ಕತ್ತರಿ ಆಡಿಸಿದರೆ ರೋಗಿಗೆ ಆಗುವ ಸಂಕಟ ಬಹಳ.

ಕೆನ್ನೆಗೆ ಎದೆಯ ಭಾಗದಿಂದ ಮಾಂಸ ತಂದು ಹೊಲಿದಿದ್ದರು. ಕುತ್ತಿಗೆಯಲ್ಲಿ ಉಸಿರಿನ ಕೊಳವೆ, ಮೂಗಿನಲ್ಲಿ ಆಹಾರದ ಕೊಳವೆ. ಕುತ್ತಿಗೆಯ ಕೊಳವೆ ಇರುವವರೆಗೆ ದನಿ ಹೊರಡುವುದಿಲ್ಲ ಎಂದು ವೈದ್ಯರು ಮೊದಲೇ ತಿಳಿಸಿದ್ದರಿಂದ ನನ್ನ ಮಗನ ಪಾಟಿ, ಪೆನ್ಸಿಲ್ ಒಯ್ದಿದ್ದೆ. ಒಂದು ಮಧ್ಯಾಹ್ನ ಅವ್ವ ಕೊಳವೆಯಲ್ಲಿ ಗಂಜಿ ಹಾಕುತ್ತ, ಕಣ್ಣೊರೆಸಿಕೊಳ್ಳುತ್ತ, "ವಿಭೂತಿ ಹಚ್ಚಿದ ಹಣೆಗೆ ಇದನ್ನು ಬರೆದನಲ್ಲ, ಅವನು ದೇವರೇ?" ಎಂದಳು. ಅಪ್ಪ ಪಾಟಿ ಕೇಳಿದರು. ಬರೆದರು, ಒರೆಸಿದರು, ಮತ್ತೆ ಬರೆದರು. ಒತ್ತಕ್ಷರ ತಪ್ಪಿದರೆ ಇಂದಿಗೂ ಸಹಿಸದ ಕೈ ಅದು. ಅಲ್ಲಿದ್ದದ್ದು ಇಷ್ಟು: "ಸಿಟ್ಟಿದ್ದರೆ ಅವನಿಗೇ ಹೇಳು. ನನ್ನ ಮುಂದೆ ಅವನನ್ನು ಬೈಯಬೇಡ."

ಅವ್ವನಿಗೆ ಓದು ಅಷ್ಟಕ್ಕಷ್ಟೇ. ನಾನು ಓದಿ ಹೇಳಿದೆ. ಆಕೆ ಗಂಜಿಯ ಬಟ್ಟಲು ಕೆಳಗಿಟ್ಟು ಹೊರಸಾಲಿನ ತುದಿಯ ಕಿಟಕಿಯವರೆಗೆ ಹೋಗಿ, ಕೊರಳ ಲಿಂಗದ ಮೇಲೆ ಕೈಯಿಟ್ಟುಕೊಂಡು ನಿಂತಳು. "ಶಿವನೇ, ಯಾಕೆ ಹೀಗೆ ಮಾಡಿದೆ? ನಿನ್ನನ್ನು ನಾವು ಏನು ಬೇಡಿದ್ದೆವು? ಹೇಳು" ಎಂದು ಗಟ್ಟಿಯಾಗಿಯೇ ಅತ್ತಳು. ಹೋಗಿ ಬರುವವರು ನೋಡುತ್ತಿದ್ದರು. ಮಾತು ಹೆಚ್ಚುಕಡಿಮೆ ಅದೇ, ಅದರ ಖಾರವೂ ಅಷ್ಟೇ. ಆದರೆ ಈಗ ಅದನ್ನು ಕೇಳುವವನು ಎದುರಿಗಿದ್ದ. ಅವ್ವ ಹಿಂತಿರುಗಿ ಬಂದು ಮುಖ ತೊಳೆದುಕೊಂಡು ಉಳಿದ ಗಂಜಿ ಹಾಕಿದಳು. ಆಮೇಲೆ ಚಿಕಿತ್ಸೆ ಮುಗಿಯುವ ತನಕ ಆಕೆ ಆ ಕಿಟಕಿಗೆ ಎಷ್ಟೋ ಸಲ ಹೋದಳು. ಅಪ್ಪನ ಮಂಚದ ಬಳಿ ದೇವರ ಮೇಲಿನ ದೂರು ಮತ್ತೆ ಕೇಳಲಿಲ್ಲ.

ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದು ಇದನ್ನೇ. ನೋವಿನಲ್ಲಿ ಅಳುವುದು, ಯಾಕೆ ಎಂದು ಕೇಳುವುದು, ಜಗಳ ತೆಗೆಯುವುದು ದೇವರಿಗೆ ಅಗೌರವವಾಗುವುದಿಲ್ಲ, ಅದನ್ನು ಅವನಿಗೇ ಹೇಳಿದರೆ. ನಮ್ಮ ಶರಣರು ಹನ್ನೆರಡನೆಯ ಶತಮಾನದಲ್ಲೇ ಈ ದಾರಿ ತೋರಿದ್ದಾರೆ. ಬಸವಣ್ಣನವರ ವಚನಗಳಲ್ಲಿ ಎಷ್ಟು ಅಳು ಇದೆ, ಎಷ್ಟು ಮೊರೆ ಇದೆ! ಅಕ್ಕಮಹಾದೇವಿಯ ಸಂಕಟವೂ ಕಡಿಮೆಯದಲ್ಲ. ಆದರೆ ಆ ಸಂಕಟವೆಲ್ಲ ಕೊನೆಗೆ ಅಂಕಿತದ ಬಳಿ, ವಚನದ ಕೊನೆಗೆ ಬರುವ ದೇವರ ಹೆಸರಿನ ಬಳಿ, ಬಂದು ನಿಲ್ಲುತ್ತದೆ. ಒಬ್ಬರದು ಕೂಡಲಸಂಗಮದೇವ, ಇನ್ನೊಬ್ಬರದು ಚೆನ್ನಮಲ್ಲಿಕಾರ್ಜುನ. ಯಾವ ದೂರೇ ಇರಲಿ, ಅವನ ಹೆಸರು ಹಿಡಿದು ಕರೆದೇ ಮುಗಿಯುತ್ತದೆ. ಚಿಕ್ಕಂದಿನಿಂದ ವಚನ ಹೇಳಿಕೊಂಡು ಬಂದಿದ್ದರೂ ಇದು ನನಗೆ ಹೊಳೆದದ್ದು ಅಪ್ಪನ ಪಾಟಿ ಓದಿದ ರಾತ್ರಿ, ವಾರ್ಡಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದಾಗ. ಅಂದಿನಿಂದ ನಾನೊಂದು ರೂಢಿ ಮಾಡಿಕೊಂಡೆ. ಬಾಯಿಗೆ ಬಂದ ಕಹಿ ಮಾತಿನ ಕೊನೆಗೆ "ಶಿವನೇ" ಎಂದು ಸೇರಿಸುವುದು. "ಇನ್ನು ತಡೆಯಲಾರೆ" ಎಂಬುದು "ಇನ್ನು ತಡೆಯಲಾರೆ, ಶಿವನೇ" ಎಂದಾದರೆ ಅದು ಪ್ರಾರ್ಥನೆಯೇ. ಕೆಲವು ಮಾತುಗಳಿಗೆ ಆ ಹೆಸರನ್ನು ಸೇರಿಸಲು ನಾಲಿಗೆ ಏಳುವುದಿಲ್ಲ. ಅಂಥವನ್ನು ನುಂಗಿಬಿಡುವುದು ಮೇಲು.

ಗಾಯ ಮಾಯ್ದ ಮೇಲೆ ವಿಕಿರಣ. ಶಸ್ತ್ರಚಿಕಿತ್ಸೆಯಾಗಿ ಆರು ವಾರದೊಳಗೆ ಶುರುವಾದರೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ಅದಕ್ಕೂ ಮೊದಲು ದಂತವೈದ್ಯರು ನೋಡಬೇಕು. ಹುಳುಕು ಹಲ್ಲುಗಳಿದ್ದರೆ ಕೀಳಿಸಿ, ಆ ಗಾಯ ಮಾಯಲು ಬಿಡಬೇಕು. ಇದನ್ನು ಲೆಕ್ಕಕ್ಕೆ ಹಿಡಿಯದೆ ದಿನ ಗೊತ್ತು ಮಾಡಿಕೊಂಡರೆ ಎಲ್ಲವೂ ಮುಂದೆ ಹೋಗುತ್ತದೆ. ಆಮೇಲೆ ಮುಖವಾಡ. ಬಿಸಿ ನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖ, ಕುತ್ತಿಗೆ, ಹೆಗಲಿನ ಮೇಲೆ ಎಳೆದು ಹೊದಿಸುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಮುಖದ ಆಕಾರಕ್ಕೇ ಗಟ್ಟಿಯಾಗುತ್ತದೆ. ಪ್ರತಿದಿನ ಅದನ್ನು ತೊಡಿಸಿ ಮೇಜಿಗೆ ಬಿಗಿದು, ಎಲ್ಲರೂ ಹೊರಗೆ ಬಂದು ದಪ್ಪ ಬಾಗಿಲು ಮುಚ್ಚುತ್ತಾರೆ. ವಾರಕ್ಕೆ 5 ದಿನ, ಸಾಮಾನ್ಯವಾಗಿ 6ರಿಂದ 7 ವಾರ. ಕಿರಣ ಬಿಡುವುದು ಕೆಲವು ನಿಮಿಷ, ಸರದಿಗಾಗಿ ಕಾಯುವುದು ಅರ್ಧ ದಿನ. ಯಂತ್ರ ಕೆಟ್ಟ ದಿನ ಸುಮ್ಮನೆ ಹಿಂತಿರುಗಬೇಕು, ಆ ದಿನದ್ದನ್ನು ಕೊನೆಗೆ ಸೇರಿಸುತ್ತಾರೆ. ವಿಕಿರಣ ಬೀಳುವ ಚರ್ಮಕ್ಕೆ ವೈದ್ಯರು ಹೇಳಿದ್ದನ್ನು ಬಿಟ್ಟು ಏನನ್ನೂ ಹಚ್ಚಬಾರದು. ಅಪ್ಪ ಕೊರಳಿಗೆ ವಿಭೂತಿ ಹಚ್ಚುವುದನ್ನು ನಿಲ್ಲಿಸಿ ಹಣೆಗೆ ಮಾತ್ರ ಇಟ್ಟುಕೊಂಡರು, ಮುಖವಾಡ ತೊಡಿಸುವ ಮುನ್ನ ತಾವೇ ಒರೆಸಿಕೊಳ್ಳುತ್ತಿದ್ದರು.

ಮೂರನೆಯ ವಾರದಿಂದ ಬಾಯೊಳಗೆಲ್ಲ ಹುಣ್ಣು, ಅಂಟು ಜೊಲ್ಲು, ನಾಲಿಗೆಗೆ ರುಚಿಯೇ ಇಲ್ಲ. ಒಂದು ಲೋಟ ನೀರಿಗೆ ಅಡುಗೆ ಸೋಡಾ, ಉಪ್ಪು ಅರ್ಧರ್ಧ ಚಮಚ ಹಾಕಿ ಎರಡೆರಡು ತಾಸಿಗೆ ಮುಕ್ಕಳಿಸಬೇಕು. ಕೊಳವೆಯಲ್ಲಿ ಹಾಕುವ ಜೋಳದ ಅಂಬಲಿ, ಹೆಸರುಬೇಳೆಯ ಕಟ್ಟು ಯಾವುದಾದರೂ ತೆಳುಬಟ್ಟೆಯಲ್ಲಿ ಸೋಸಿರಬೇಕು, ಹಾಕಿದ ಮೇಲೆ ನೀರು ಬಿಟ್ಟು ಕೊಳವೆಯನ್ನು ಶುಚಿ ಮಾಡಬೇಕು. ತೂಕ ಇಳಿದರೆ ಮುಖವಾಡ ಸಡಿಲಾಗಿ ಹೊಸದು ಮಾಡಿಸಬೇಕಾಗಬಹುದು, ಆದ್ದರಿಂದ ತೂಕದ ಮೇಲೆ ಕಣ್ಣಿರಲಿ.

ಸರದಿಯ ಬೆಂಚಿನಲ್ಲಿ ನಮ್ಮ ಪಕ್ಕ ಸವಣೂರಿನ ಚಾಚಾ ಒಬ್ಬರು ಕೂರುತ್ತಿದ್ದರು. ಹೇಗಿದ್ದೀರಿ ಎಂದು ಯಾರು ಕೇಳಿದರೂ, "ಅಲ್ಹಮ್ದುಲಿಲ್ಲಾಹ್. ಗಂಟಲು ಬೆಂಕಿಯ ಹಾಗೆ ಉರಿಯುತ್ತಿದೆ" ಎನ್ನುತ್ತಿದ್ದರು. ದೇವರ ಸ್ತುತಿ, ನೋವಿನ ಮಾತು, ಎರಡನ್ನೂ ಒಂದೇ ಉಸಿರಿನಲ್ಲಿ. ನನಗೆ ಅದು ಬಹಳ ಹಿಡಿಸಿತು. ನೋವನ್ನು ಮುಚ್ಚಿಟ್ಟರೇ ಭಕ್ತಿ ಎಂದುಕೊಂಡು ವೈದ್ಯರ ಮುಂದೆಯೂ ಚೆನ್ನಾಗಿದ್ದೇನೆ ಎನ್ನುವ ರೋಗಿಗಳಿದ್ದಾರೆ. ಅಪ್ಪನೂ ಮೊದಮೊದಲು ಹಾಗೆಯೇ ಪಾಟಿಯಲ್ಲಿ ಬರೆದು ತೋರಿಸುತ್ತಿದ್ದರು. ವಾರದ ತಪಾಸಣೆಯಲ್ಲಿ ನೋವು ಎಷ್ಟಿದೆಯೋ ಅಷ್ಟನ್ನೂ ಹೇಳಿ. ಅದಕ್ಕೆ ತಕ್ಕ ಔಷಧ ಇದೆ, ಬೇಕಾದರೆ ಮಾರ್ಫಿನ್ ಮಾತ್ರೆಯವರೆಗೂ ಕೊಡುತ್ತಾರೆ.

ಇನ್ನೊಬ್ಬರು ಬೆಟಗೇರಿಯ ಅಕ್ಕ, ತಮ್ಮನನ್ನು ಕರೆತಂದವರು. ಹಳೆಯ ಬಾಸೆಲ್ ಮಿಷನ್ ಚರ್ಚಿನ ಕುಟುಂಬ ಅವರದು. ಒಂದು ದಿನ ವಾರ್ಡಿನಲ್ಲಿ ಎಳೆಯ ಪ್ರಾಯದ ಗಂಡಸೊಬ್ಬರು ತೀರಿಕೊಂಡರು. ಅವರ ಹೆಂಡತಿ ನೆಲಕ್ಕೆ ಕುಸಿದು, "ದೇವರೇ, ನಿನ್ನ ಮನೆ ಹಾಳಾಗಲಿ" ಎಂದು ಕೂಗಿದರು. ಯಾರೋ ಹಿರಿಯರು ಹಾಗೆನ್ನಬಾರದು ಎಂದು ಗದರಲು ಹೊರಟಾಗ ಈ ಅಕ್ಕ ಕೈ ಅಡ್ಡ ಹಿಡಿದರು. ಏನೂ ಮಾತಾಡದೆ ಆ ಹೆಣ್ಣುಮಗಳ ಪಕ್ಕ ನೆಲದ ಮೇಲೇ ಕುಳಿತು, ಜಾರಿದ ಸೆರಗನ್ನು ಮೇಲೆಳೆದು ಹೊದಿಸಿ, ಆಕೆಯ ಮನೆಯವರು ಬರುವ ತನಕ ಕದಲಲಿಲ್ಲ. ಆಮೇಲೆ ಚಹಾ ಕುಡಿಯುವಾಗ ನನಗೆ ಬೈಬಲ್ಲಿನ ಯೋಬನ ಸಂಗತಿ ಹೇಳಿದರು. ಆಸ್ತಿ ಹೋಯಿತು, ಮಕ್ಕಳು ಹೋದರು, ಮೈತುಂಬ ಹುಣ್ಣಾಯಿತು, ಬೂದಿಯಲ್ಲಿ ಕುಳಿತ. ದೇವರನ್ನು ಶಪಿಸಿ ಸಾಯಿ ಎಂದು ಹೆಂಡತಿಯೇ ಅಂದಳು, ಅವನು ಶಪಿಸಲಿಲ್ಲ. ಆದರೆ ದೇವರನ್ನು ಕೇಳುವುದನ್ನೂ ಬಿಡಲಿಲ್ಲ. ಹುಟ್ಟಿದ ದಿನವನ್ನೇ ಶಪಿಸಿಕೊಂಡು ನ್ಯಾಯ ಬೇಡಿದ. ನೋಡಲು ಬಂದ ಗೆಳೆಯರು ಏಳು ದಿನ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತರು. ಬಾಯಿ ತೆರೆದ ಮೇಲೆ, ನೀನು ಪಾಪ ಮಾಡಿರಬೇಕು, ಅದಕ್ಕೇ ಈ ಶಿಕ್ಷೆ ಎಂದು ದೇವರ ಪರವಾಗಿ ವಾದಿಸಿದರು. ಕಥೆಯ ಕೊನೆಗೆ ದೇವರ ಸಿಟ್ಟು ಬಿದ್ದದ್ದು ಆ ಗೆಳೆಯರ ಮೇಲೆ: ನನ್ನ ವಿಷಯದಲ್ಲಿ ಯೋಬನು ಆಡಿದಂತೆ ನೀವು ಸರಿಯಾಗಿ ಆಡಲಿಲ್ಲ ಎಂದು. "ಸುಮ್ಮನಿದ್ದಾಗಲೇ ಅವರು ಚೆನ್ನಾಗಿದ್ದರು, ತಂಗೀ" ಎಂದರು ಅಕ್ಕ.

ವರದಿ ಬಂದ ಸಂಜೆ ನಮ್ಮ ಮನೆಯಲ್ಲಿ ಕೇಳಿದ ಮಾತುಗಳು ಆಗ ನೆನಪಾದವು. ಅವ್ವನ ಬೈಗುಳಕ್ಕಿಂತ ಕಾಕಾ, ಸೋದರತ್ತೆಯರ ವಿವರಣೆಯೇ ನನಗೆ ಈಗ ಹೆಚ್ಚಿನ ಅಗೌರವವೆನಿಸುತ್ತದೆ. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎಂದು ವೈದ್ಯರು ಹೇಳಿದರೆ ಅದು ಸತ್ಯ, ಒಪ್ಪಿಕೊಂಡು ಚಟ ಬಿಡಬೇಕು. ದೇವರೇ ಶಿಕ್ಷೆ ಕೊಟ್ಟ ಎಂದು ಹೇಳಲು ಅವನ ತೀರ್ಪನ್ನು ಓದಿದವರು ಯಾರಿದ್ದಾರೆ? ಒಳ್ಳೆಯ ಮನಸ್ಸಿನಿಂದ ಕೊಡುವ ಭರವಸೆಗೂ ಇದು ಸಲ್ಲುತ್ತದೆ. ಅಜ್ಜನನ್ನು ದೇವರು ಗುಣ ಮಾಡುತ್ತಾನಾ ಎಂದು ನನ್ನ ಮಗ ಕೇಳಿದಾಗ, ಖಂಡಿತ ಮಾಡುತ್ತಾನೆ ಎಂದು ದೇವರ ಹೆಸರಿನಲ್ಲಿ ಮಾತು ಕೊಡಲು ನನಗೆ ಮನಸ್ಸಾಗಲಿಲ್ಲ. "ಕೇಳೋಣ ಬಾ" ಎಂದು ಪಕ್ಕದಲ್ಲಿ ಕೂರಿಸಿಕೊಂಡೆ. ಆಸ್ಪತ್ರೆಗೆ ನೋಡಲು ಹೋಗುವವರು ಕಾರಣ ಹೇಳಲು ಹೋಗಬೇಡಿ, ಹರಕೆ ಹೊರಲು ಒತ್ತಾಯ ಮಾಡಬೇಡಿ. ರಾತ್ರಿ ಕಾಯಲು ಒಂದು ದಿನ ನಿಂತರೆ ಅದು ದೊಡ್ಡ ಉಪಕಾರ.

ಖರ್ಚಿನ ಮಾತು. ಶಸ್ತ್ರಚಿಕಿತ್ಸೆ, ವಿಕಿರಣ ಯೋಜನೆಯಲ್ಲೇ ಆದವು. ಕೈಯಿಂದ ಹೋದದ್ದು ಉಳಿದದ್ದಕ್ಕೆ: ಅನುಮತಿಗೆ ಮುಂಚಿನ ಸ್ಕ್ಯಾನ್, ಪ್ರೋಟೀನ್ ಪುಡಿ, ಆಟೊ, ಹುಬ್ಬಳ್ಳಿಯಲ್ಲಿ ಹಿಡಿದ ಕೋಣೆಯ ಬಾಡಿಗೆ, ಎಲ್ಲಕ್ಕಿಂತ ಹೆಚ್ಚಾಗಿ ನಿಂತುಹೋದ ದುಡಿಮೆ. ಮೊದಲ ವಾರ ಗದಗಿನಿಂದ ದಿನವೂ ಓಡಾಡಿ ನೋಡಿದೆವು. ಬಾಯಿ ಹುಣ್ಣಾದ ರೋಗಿಗೆ ಅದು ಆಗದ ಮಾತು. ಹತ್ತಿರದಲ್ಲೇ ಇರುವುದು ಒಳ್ಳೆಯದು. ಜೊತೆಗಿರುವವರ ಊಟಕ್ಕೆ ಸಿದ್ಧಾರೂಢ ಮಠದ ದಾಸೋಹವಿದೆ. ನಾನು ಪ್ರಸಾದ ಮುಗಿಸಿ ಅಲ್ಲಿನ ಪಂಚಾಕ್ಷರಿ ನಾಮದ ದನಿ ಕೇಳುತ್ತ ಸ್ವಲ್ಪ ಹೊತ್ತು ಕಂಬಕ್ಕೊರಗಿ ಕೂರುತ್ತಿದ್ದೆ. ಮುಂಬೈ, ಬೆಂಗಳೂರಿಗೆ ಹೋಗುವವರು ಆಸ್ಪತ್ರೆಯಿಂದ ರೈಲ್ವೆ ರಿಯಾಯಿತಿಯ ನಮೂನೆ ತುಂಬಿಸಿಕೊಳ್ಳಿ. ಸ್ಲೀಪರ್ ಮತ್ತು 3-ಟಯರ್ ಎಸಿಯಲ್ಲಿ ಕ್ಯಾನ್ಸರ್ ರೋಗಿಗೆ ಪೂರ್ತಿ, ಜೊತೆಗಾರರಿಗೆ ಶೇ 75ರಷ್ಟು ರಿಯಾಯಿತಿ ಇದೆ.

ಈಗ ಅಪ್ಪ ಮನೆಯಲ್ಲಿದ್ದಾರೆ. ಕೊಳವೆಗಳು ಹೋಗಿವೆ. ಮೊದಲ ವರ್ಷ ತಿಂಗಳು ಎರಡು ತಿಂಗಳಿಗೊಮ್ಮೆ ತಪಾಸಣೆಗೆ ಬರಲು ಹೇಳಿದ್ದಾರೆ. ಮುಂದೇನು ಎಂಬುದನ್ನು ಅವರೂ ಹೇಳಿಲ್ಲ, ನಾವೂ ಕೇಳಿಲ್ಲ. ಮನೆಗೆ ಬಂದ ಮೇಲೆ ಹೆಚ್ಚಿನವರು ಬಿಟ್ಟುಬಿಡುವುದು ದವಡೆಯ ವ್ಯಾಯಾಮವನ್ನು. ವಿಕಿರಣದ ನಂತರ ಬಾಯಿ ಬಿಗಿಯುತ್ತ ಹೋಗುತ್ತದೆ, ಆಮೇಲೆ ಚಮಚವೂ ಒಳಗೆ ಹೋಗುವುದಿಲ್ಲ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಹಿಡಿಯಬೇಕು, ಕೆಲವು ದಿನಕ್ಕೊಮ್ಮೆ ಒಂದೊಂದು ಕಡ್ಡಿ ಹೆಚ್ಚಿಸಬೇಕು. ಅಪ್ಪ ಗಡಿಯಾರ ನೋಡುವ ಬದಲು ಮನಸ್ಸಿನಲ್ಲೇ ಪಂಚಾಕ್ಷರಿ ಎಣಿಸುತ್ತ ಹಿಡಿಯುತ್ತಾರೆ, ಕಡ್ಡಿ ತೆಗೆದ ಮೇಲೆ ಅದನ್ನೇ ಬಾಯಿಬಿಟ್ಟು ಹೇಳಿ ನೋಡುತ್ತಾರೆ. "ಶಿವಾಯ" ಸ್ಪಷ್ಟವಾಗಿದೆ. ಎಡ ತುಟಿ ಇನ್ನೂ ಕೂಡದಿರುವುದರಿಂದ "ನಮಃ"ದಲ್ಲಿ ಮಕಾರ ಒಡೆಯುತ್ತದೆ. ಮಾತಿನ ತರಬೇತಿ ಕೊಡುವವರು ತುಟಿಗೆ ಬೇರೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಕನ್ನಡಿಯ ಮುಂದೆ ಕುಳಿತು ದಿನಕ್ಕೆ ನಾಲ್ಕು ಸಲ ಮಾಡಬೇಕು.